ಬಂದ್ ಮಾಡಿ ಚಾಲೂ ಮಾಡ್ರಿ

ನಮ್ಮೂರು ಅಬ್ಬಿಗೇರಿಯಲ್ಲಿ ಕೆಟ್ಟು ನಿಂತದ್ದು ಏನೇ ಇರಲಿ, ಮೊದಲ ಮದ್ದು ಒಂದೇ: ‘ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ.’ ಟಿವಿಗೆ ಅದೇ, ಬೋರಿನ ಮೋಟರಿಗೆ ಅದೇ. ಮದುವೆ ಮಾತುಕತೆ ಹಾದಿ ತಪ್ಪಿ ಜಗಳಕ್ಕೆ ನಿಂತರೂ ಹಿರಿಯರು ಚಹಾ ತರಿಸಿ ಮಾತನ್ನು ಮೊದಲಿಂದ ಶುರು ಮಾಡುತ್ತಾರೆ. ಅದೂ ಈ ಜಾತಿಯದೇ. ರೀಸ್ಟಾರ್ಟ್ ಎಂಬ ವಿದ್ಯೆ ಕಂಪ್ಯೂಟರಿನ ಜೊತೆ ಬಂತೆಂದು ಪ್ಯಾಟಿಯವರು ತಿಳಿದಿದ್ದರೆ ಅವರು ಹಿಟ್ಟಿನ ಗಿರಣಿ ನೋಡಿಲ್ಲ.

ಹುಡುಗನಿದ್ದಾಗ ಜೋಳದ ಡಬ್ಬಿ ಹೊತ್ತು ಗಿರಣಿ ಮುಂದೆ ಪಾಳಿ ಹಚ್ಚುತ್ತಿದ್ದೆ. ಡೀಸೆಲ್ ಎಂಜಿನ್ ನಿಂತುಬಿಟ್ಟರೆ ಅದನ್ನು ಮತ್ತೆ ಎಬ್ಬಿಸುವುದು ನೋಡುವಂಥ ಆಟ. ಗಿರಣಿ ಕಾಕಾ ಒಂದು ಕೈಯಲ್ಲಿ ಹ್ಯಾಂಡಲ್ ತಿರುವುತ್ತ, ಇನ್ನೊಂದು ಕೈಯಲ್ಲಿ ಮೇಲಿನ ಸಣ್ಣ ಲಿವರ್ ಹಿಡಿದಿರುತ್ತಿದ್ದ. ಒಳಗಿನ ಗಾಳಿಯ ಒತ್ತಡ ಬಿಟ್ಟುಹೋಗಲೆಂದು ಆ ಲಿವರು. ಚಕ್ರಕ್ಕೆ ವೇಗ ಬಂದ ಗಳಿಗೆ ನೋಡಿ ಅದನ್ನು ಬಿಟ್ಟರೆ ‘ಡುಬ್’ ಅಂತ ಒಂದು ಸುರುಳಿ ಹೊಗೆ, ಆಮೇಲೆ ಊರಿಗೆಲ್ಲ ಕೇಳುವ ಹಾಗೆ ಡುಬು ಡುಬು. ಗಳಿಗೆ ತಪ್ಪಿದರೆ ಹ್ಯಾಂಡಲ್ ತಿರುಗಿ ಬಂದು ಮುಂಗೈಗೆ ಬಡಿಯುತ್ತಿತ್ತು. ಅಪ್ಪಿತಪ್ಪಿ ಕೈ ತಾಗಿ ಎಂಜಿನ್ ಚಾಲೂ ಆಯಿತು ಎಂಬ ಮಾತೇ ಇರಲಿಲ್ಲ. ಎರಡೂ ಕೈ ಬೇಕು, ಮನಸ್ಸೂ ಬೇಕು.

1990ರ ದಶಕದಲ್ಲಿ ಗದಗಿಗೆ ಕಂಪ್ಯೂಟರ್ ಕಲಿಯಲು ಹೋದಾಗ ಗಿರಣಿ ಕಾಕಾ ಮತ್ತೆ ನೆನಪಾದ. ನಮ್ಮ ಸರ್ ಚಪ್ಪಲಿ ಹೊರಗೆ ಬಿಡಿಸಿ, ಒಳಗೆ ಕೂರಿಸಿ, ಮೊದಲ ಪಾಠ ಹೇಳಿದ್ದು ಹೀಗೆ: ‘ಕಂಟ್ರೋಲ್, ಆಲ್ಟ್ ಎರಡೂ ಹಿಡಕೊಂಡಿರಬೇಕು, ಆಮ್ಯಾಲೆ ಡಿಲೀಟ್ ಒತ್ತಬೇಕು. ಸುಮ್‌ಸುಮ್ಕ ಒತ್ತಿದ್ರ ನೋಡ್ರಿ ಮತ್ತ!’ ನಮ್ಮ ಕಡೆ ವಿಭೂತಿ ಹಚ್ಚುವುದಕ್ಕೂ ಮೂರೇ ಬೆರಳು. ಆದರೆ ಅವು ಒಂದೇ ಕೈಯವು. ಇಲ್ಲಿ ಎರಡು ಎಡಗೈಯವು, ಒಂದು ಬಲಗೈಯದು.

ಹೀಗೆ ಕೈ ಹಂಚಿದ್ದು ಬೇಕೆಂದೇ. ಮಾಡಿದವರು ಡೇವಿಡ್ ಬ್ರ್ಯಾಡ್ಲಿ. 1981ರ ಆಗಸ್ಟಿನಲ್ಲಿ ಹೊರಬಂದ ಐಬಿಎಂ ಪಿಸಿಯನ್ನು ಫ್ಲಾರಿಡಾದ ಬೋಕಾ ರಟೋನಿನಲ್ಲಿ ಕಟ್ಟಿದ ಸಣ್ಣ ತಂಡದ ಎಂಜಿನಿಯರ್. ಕಟ್ಟುವಾಗ ಯಂತ್ರ ಪದೇ ಪದೇ ನಿಂತುಬಿಡುತ್ತಿತ್ತು. ಸ್ವಿಚ್ ಆರಿಸಿ ಹಾಕಿದರೆ ಅದು ಪ್ರತಿಸಲವೂ ತನ್ನ ಮೆಮೊರಿಯನ್ನೆಲ್ಲ ಮೊದಲಿನಿಂದ ಪರೀಕ್ಷೆ ಮಾಡಿಕೊಂಡು ಏಳುತ್ತಿತ್ತು. ಅಷ್ಟು ಹೊತ್ತು ಕಾಯಲಾರದೆ ಬ್ರ್ಯಾಡ್ಲಿ ಒಂದು ಅಡ್ಡದಾರಿ ಬರೆದರು. ಮೂರು ಕೀ ಒತ್ತಿದರೆ ಯಂತ್ರ ಮೆಮೊರಿಯ ಒಂದು ಮೂಲೆಯಲ್ಲಿ 1234 ಅಂತ ಗುರುತು ಬರೆದುಕೊಂಡು ಹೊಸದಾಗಿ ಶುರುವಾಗುತ್ತದೆ. ಏಳುವಾಗ ಆ ಗುರುತು ಕಂಡರೆ ಪರೀಕ್ಷೆ ಮಾಫಿ. ಪರಿಚಯದವನ ಚೀಟಿ ತೋರಿಸಿದರೆ ಪಾಳಿ ಇಲ್ಲದೆ ಒಳಗೆ ಬಿಟ್ಟ ಹಾಗೆ. ಬ್ರ್ಯಾಡ್ಲಿಗೆ ಇದನ್ನು ಬರೆಯುವುದು ಹತ್ತಾರು ನಿಮಿಷದ ಕೆಲಸವೂ ಅಲ್ಲ.

ಮೊದಲು ಡಿಲೀಟ್ ಇರಲಿಲ್ಲ, ಎಸ್ಕೇಪ್ ಇತ್ತು. ಎಸ್ಕೇಪ್ ಎಡಕ್ಕೇ ಇರುವುದರಿಂದ ಎಡಗೈ ಎಲ್ಲೋ ತಾಗಿದರೆ ಮಾಡಿದ್ದೆಲ್ಲ ಹೋಗುತ್ತದೆ. ಅದಕ್ಕೇ ಬಲತುದಿಯ ಡಿಲೀಟಿಗೆ ಬದಲಾಯಿಸಿದರು. ಆ ಮೊದಲ ಕೀಬೋರ್ಡಿನಲ್ಲಿದ್ದದ್ದು 83 ಕೀ. ಕಂಟ್ರೋಲ್ ಒಂದೇ, ಆಲ್ಟ್ ಒಂದೇ, ಎರಡೂ ಎಡಗಡೆ. ಗಿರಣಿಯ ಹ್ಯಾಂಡಲ್ಲು, ಲಿವರಿನ ಲೆಕ್ಕವೇ. ಆಮೇಲೆ 101 ಕೀಗಳ ಕೀಬೋರ್ಡ್ ಬಂದು ಬಲಕ್ಕೂ ಒಂದೊಂದು ಕಂಟ್ರೋಲ್, ಆಲ್ಟ್ ಕೂತವು. ಬಲಗೈ ಒಂದೇ ಸಾಕಾಯಿತು. ಬಾಗಿಲಿಗೆ ಎರಡು ಕೀಲಿ ಹಾಕಿ ಎರಡನ್ನೂ ಒಂದೇ ಉಡದಾರಕ್ಕೆ ಕಟ್ಟಿಕೊಂಡರೆ ಏನು ಬಂತು?

ಈ ಮೂರು ಕೀಗಳ ಒತ್ತು ತಮ್ಮ ತಂಡದ ಬಳಕೆಗಷ್ಟೇ ಎಂದು ಬ್ರ್ಯಾಡ್ಲಿ ತಿಳಿದಿದ್ದರು. ಲೋಕಕ್ಕೆಲ್ಲ ಬೇಕಾಯಿತು. 2001ರಲ್ಲಿ, ಪಿಸಿಗೆ 20 ತುಂಬಿದ ಸಮಾರಂಭದಲ್ಲಿ, ಕಂಡುಹಿಡಿದವನು ನಾನಿರಬಹುದು, ಹೆಸರು ತಂದುಕೊಟ್ಟವರು ಬಿಲ್ ಎಂದರು. ವಿಂಡೋಸಿನ ಒಡೆಯ ಬಿಲ್ ಗೇಟ್ಸ್ ಅಲ್ಲೇ ಕೂತಿದ್ದರು. ಸಭೆ ನಕ್ಕಿತು, ಅವರು ನಗಲಿಲ್ಲ. ನಮ್ಮಲ್ಲಿ ಬೀಗರನ್ನು ಹೀಗೆ ಹೊಗಳಿದ್ದರೆ ಊಟಕ್ಕೆ ಏಳುತ್ತಿರಲಿಲ್ಲ.

ಗೇಟ್ಸರ ಕೈಯಲ್ಲಿ ಆ ಮೂರು ಕೀಗಳ ಪಾಡು ಏನಾಯಿತು ಅನ್ನುವುದೇ ನನಗೆ ಸೋಜಿಗ. ಡಾಸ್ ಕಾಲದಲ್ಲಿ ಅದು ಹುಕುಂ. ಒತ್ತಿದ ಮರುಗಳಿಗೆ ಯಂತ್ರ ಸತ್ತು ಹುಟ್ಟುತ್ತಿತ್ತು. ವಿಂಡೋಸ್ 3.1ರಲ್ಲಿ ನೀಲಿ ತೆರೆ ಬಂದು, ಬರೀ ನಿಂತ ಪ್ರೋಗ್ರಾಮ್ ಮುಚ್ಚಲೋ ಅಥವಾ ಪೂರ್ತಿ ರೀಸ್ಟಾರ್ಟೋ ಎಂದು ಕೇಳಿತು. ವಿಂಡೋಸ್ 95ರಲ್ಲಿ ಚಾಲೂ ಇದ್ದ ಪ್ರೋಗ್ರಾಮುಗಳ ಪಟ್ಟಿ ಮುಂದಿಟ್ಟಿತು. ಇನ್ನೊಮ್ಮೆ ಒತ್ತಿದರೆ ಮಾತ್ರ ರೀಸ್ಟಾರ್ಟ್. 1993ರ ವಿಂಡೋಸ್ ಎನ್‌ಟಿಯಲ್ಲಂತೂ ಕಥೆಯೇ ಉಲ್ಟಾ: ಒಳಗೆ ಬರಲಿಕ್ಕೇ ಅದನ್ನು ಒತ್ತಬೇಕು! ಕಾರಣ ಇದೆ. ಆ ಒತ್ತು ನೇರ ವಿಂಡೋಸಿನ ಗರ್ಭಗುಡಿಗೆ ಹೋಗುತ್ತದೆ, ನಡುವೆ ಯಾವ ಕಳ್ಳ ಪ್ರೋಗ್ರಾಮೂ ಹಿಡಿಯಲಾರದು. ಹಾಗಾಗಿ ಪಾಸ್‌ವರ್ಡ್ ಕೇಳುತ್ತಿರುವುದು ಅಸಲಿ ತೆರೆಯೇ ಎಂಬ ಭರವಸೆ. ಇದಕ್ಕೆ ಒಂದೇ ಕೀ ಇರಬೇಕಿತ್ತು, ಐಬಿಎಂನ ಕೀಬೋರ್ಡಿನವರು ಕೊಡಲಿಲ್ಲ ಎಂದು ಗೇಟ್ಸ್ 2013ರಲ್ಲಿ ಹಾರ್ವರ್ಡಿನಲ್ಲಿ ಕೊರಗಿದರು. ಈಗ ಅದೇ ಮೂರು ಒತ್ತಿದರೆ ನಾಲ್ಕಾರು ಆಯ್ಕೆಗಳ ತೆರೆ ಬರುತ್ತದೆ, ರೀಸ್ಟಾರ್ಟ್ ಕೆಳಮೂಲೆಯಲ್ಲಿ ಅವಿತಿರುತ್ತದೆ. ಹುಕುಂ ಹೋಗಿ ಅರ್ಜಿಯಾಯಿತು.

ಅರ್ಜಿ ಅಂದಮೇಲೆ ಹೊಲದ ಉತಾರ ನೆನಪಾಗದೆ ಇರದು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು, ತಲಾಠಿಯ ಕೈಬರಹದ ಉತಾರ ಹೋಗಿ, ತಾಲೂಕಿನ ಊರಿನ ಕಿಟಕಿಯಲ್ಲಿ 15 ರೂಪಾಯಿಗೆ ಕಂಪ್ಯೂಟರ್ ಉತಾರ ಸಿಗತೊಡಗಿತು. ನಮ್ಮ ರೈತರಿಗೆ ಮೌಸು ಗೊತ್ತಾಗುವುದಕ್ಕೆ ಮುಂಚೆ ‘ಹ್ಯಾಂಗ್ ಆಗೇತಿ’ ಅನ್ನುವ ಮಾತು ಗೊತ್ತಾಯಿತು.

ಮೊನ್ನೆ ಬೆಳೆ ವಿಮೆಗೆಂದು ಒಬ್ಬ ಕಾಕಾನ ಜೊತೆ ಒಂದು ಕಂಪ್ಯೂಟರ್ ಸೆಂಟರಿಗೆ ಹೋಗಿದ್ದೆ. ಯಾವ ಊರಿನದು ಅಂತ ಕೇಳಬೇಡಿ. ತೆರೆ ಕಲ್ಲಾಗಿ ನಿಂತಿತು.

‘ತಮ್ಮಾ, ಬಂದ್ ಮಾಡಿ ಚಾಲೂ ಮಾಡಪಾ.’

‘ಎರಡ್ ಸಲ ಮಾಡೀನ್ರಿ ಕಾಕಾ. ಮತ್ತ ಹಂಗ ನಿಂದರತೈತಿ.’

ನನ್ನ ಜ್ಞಾನ ಸುಮ್ಮನಿರಲಿಲ್ಲ. 2012ರ ವಿಂಡೋಸ್ 8ರಿಂದೀಚೆಗೆ ಬಹಳಷ್ಟು ಕಂಪ್ಯೂಟರುಗಳು ಬಂದ್ ಮಾಡಿದರೂ ಪೂರ್ತಿ ಬಂದ್ ಆಗುವುದಿಲ್ಲ. ಬೇಗ ಏಳಬೇಕೆಂದು ಒಳಗಿನ ತಿರುಳನ್ನು ಹಾಗೇ ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತವೆ, ಏಳುವಾಗ ಹಳೇ ಜಡ್ಡನ್ನೂ ಕಟ್ಟಿಕೊಂಡೇ ಏಳುತ್ತವೆ. ನಿಜವಾಗಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಅಂತ ಆರಿಸಿದಾಗ ಎಂದು ಹೇಳಿದೆ. ಕಾಕಾ ಎಲೆಯಡಿಕೆ ಒಂದು ದವಡೆಗೆ ಸರಿಸಿದ.

‘ಅಂದ್ರ, ಬಂದ್ ಮಾಡಂದ್ರ ಬಂದ್ ಆಗೂದಿಲ್ಲ. ಚಾಲೂ ಮಾಡಂದ್ರ ಬಂದ್ ಆಕ್ಕೈತಿ?’

‘ಹೌದ್ರಿ.’

‘ನಮ್ಮ ಸಣ್ಣ ಮಗನ ಸ್ವಭಾವ.’

ಹುಡುಗ ರೀಸ್ಟಾರ್ಟ್ ಒತ್ತಿದ. ತೆರೆ ಕಪ್ಪಾಯಿತು, ಅಪ್‌ಡೇಟ್ ಆಗುತ್ತಿದೆ ಎಂದು ಚುಕ್ಕಿಗಳು ತಿರುಗತೊಡಗಿದವು. ನಾವು ಎದುರಿನ ಅಂಗಡಿಯಲ್ಲಿ ಗಿರ್ಮಿಟ್ ತಿಂದು, ಚಹಾ ಕುಡಿದು ಬಂದೆವು. ತೆರೆಯ ಮೇಲೆ 30% ಅಂತಿತ್ತು. ಕಾಕಾ ಅದನ್ನು ಓದಿ, ಸಾಲಿನಲ್ಲಿ ನಿಂತವರನ್ನೊಮ್ಮೆ ಎಣಿಸಿ, ನನ್ನ ಕಿವಿಯಲ್ಲಿ ಕೇಳಿದ:

‘ನಂದು ಎಷ್ಟನೇ ನಂಬರಪಾ?’