ವಿಧಿ ಅಂದುಬಿಟ್ಟೆ

ಜನವರಿ 30 ಬಂತೆಂದರೆ ಜವನಗೊಂಡನಹಳ್ಳಿಯ ಮಕ್ಕಳೆದುರು ಗಾಂಧೀಜಿ ಬಗ್ಗೆ ಮಾತಾಡುವ ಸರದಿ ನನ್ನದೇ. ಹನ್ನೊಂದಕ್ಕೆ ಎರಡು ನಿಮಿಷ ಮೌನ, ಆಮೇಲೆ ನನ್ನ ಬಾಯಿಪಾಠ: 1869ರಲ್ಲಿ ಪೋರಬಂದರಿನಲ್ಲಿ ಹುಟ್ಟು, ದಂಡಿಯಲ್ಲಿ ಉಪ್ಪು, 1948ರಲ್ಲಿ ದೆಹಲಿಯ ಬಿರ್ಲಾ ಭವನದಲ್ಲಿ ಸಂಜೆಯ ಪ್ರಾರ್ಥನೆಗೆ ಹೊರಟಾಗ ನಾಥೂರಾಮ್ ಗೋಡ್ಸೆ ಹಾರಿಸಿದ ಮೂರು ಗುಂಡು. ಒಂದು ಸಲ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಹತ್ತು ದಿನ ಮೊದ್ಲೇ ಅಲ್ಲಿ ಬಾಂಬ್ ಸಿಡಿದಿತ್ತಂತೆ. ಆದ್ರೂ ಯಾಕೆ ಕಾಪಾಡ್ಲಿಲ್ಲ?"

ಆ ಸಂಗತಿ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ಮೇಷ್ಟ್ರ ಬಿಗುಮಾನ ಬಿಡಲಿಲ್ಲ. "ವಿಧಿ ಕಣಮ್ಮ, ಯಾರು ತಪ್ಸೋಕಾಗುತ್ತೆ" ಅಂದುಬಿಟ್ಟೆ. ಹುಡುಗಿ ಮರುಮಾತಾಡದೆ ಒಪ್ಪಿ ಕೂತಳು. ಅವಳು ಒಪ್ಪಿದ್ದೇ ನನ್ನನ್ನು ಕಾಡಿತು.

ಓದಲು ಕೂತೆ. ಅವಳು ಕೇಳಿದ್ದು ನಿಜ. ಜನವರಿ 20ರಂದು ಮದನಲಾಲ್ ಪಾಹ್ವಾ ಅದೇ ಬಿರ್ಲಾ ಭವನದಲ್ಲಿ ಬಾಂಬ್ ಸಿಡಿಸಿ ಸ್ಥಳದಲ್ಲೇ ಸಿಕ್ಕಿಬಿದ್ದಿದ್ದ. ಅವನ ಹಿಂದೊಂದು ಗುಂಪಿದೆ ಎಂಬ ಸುಳಿವೂ ಸಿಕ್ಕಿತ್ತು. ಆ ಸುಳಿವಿನ ಬೆನ್ನು ಹತ್ತುವುದರಲ್ಲಿ ಪೊಲೀಸರು ಎಡವಿದರೆಂದು, 1966ರಲ್ಲಿ ರಚನೆಯಾದ ಕಪೂರ್ ಆಯೋಗ ಹೇಳಿತು. ಇತ್ತ ಪ್ರಾರ್ಥನೆಗೆ ಬರುವವರ ತಪಾಸಣೆಗೆ ಗಾಂಧೀಜಿಯೇ ಒಪ್ಪಲಿಲ್ಲ. ಅದೇ ತಿಂಗಳ 13ರಿಂದ 18ರವರೆಗೆ, 78ರ ವಯಸ್ಸಿನಲ್ಲಿ, ದೆಹಲಿಯ ಮುಸ್ಲಿಮರು ಹೆದರದೆ ಬದುಕುವಂತಾಗಲಿ ಎಂದು ಅವರು ಉಪವಾಸ ಮಾಡಿದ್ದರು. ಕೊಲೆಗಾರರ ಸಿಟ್ಟನ್ನು ಕೆರಳಿಸಿದ್ದೂ ಆ ಉಪವಾಸವೇ. ಕೊಲ್ಲುವವರು ಸಂಚು ಹೂಡಿದ್ದರು, ಕಾಯಬೇಕಾದವರು ಅಸಡ್ಡೆ ಮಾಡಿದ್ದರು, ಮುದುಕರು ಗೊತ್ತಿದ್ದೇ ಎದೆಯೊಡ್ಡಿದ್ದರು. ಇದರಲ್ಲಿ ವಿಧಿಯ ಪಾಲೆಲ್ಲಿ?

ಗೊತ್ತಿದ್ದೇ ಎದೆಯೊಡ್ಡುವ ಆ ಪಾಠ ನಮ್ಮ ಜಿಲ್ಲೆಗೂ ಹೊಸದಲ್ಲ. 1939ರಲ್ಲಿ ಪಕ್ಕದ ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ಹೆಂಡ ಇಳಿಸುವ ಈಚಲು ಮರಗಳನ್ನು ಕಡಿದು ಅರಣ್ಯ ಸತ್ಯಾಗ್ರಹ ಮಾಡಿದವರಿಗೆ ಮುಂದೇನಾಗುತ್ತದೆಂದು ತಿಳಿದೇ ಇತ್ತು. ಮುಂದೆ ರಾಜ್ಯದ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪ ಅದಕ್ಕಾಗಿ ಜೈಲು ಸೇರಿದರು. ಹುಟ್ಟಿದ ತಾರೀಕು, ಸತ್ತ ತಾರೀಕು ಒಪ್ಪಿಸುತ್ತಿದ್ದ ನಾನು ತುರುವನೂರಿನ ಹೆಸರನ್ನು ಮಕ್ಕಳೆದುರು ಒಮ್ಮೆಯೂ ಎತ್ತಿರಲಿಲ್ಲ.

ಮರುವರ್ಷ ಭಾಷಣಕ್ಕೆ ಮೊದಲು, "ಹೋದ ಸಲ ತಪ್ಪು ಹೇಳಿದ್ದೆ" ಎಂದು ಒಪ್ಪಿಕೊಂಡೆ. ಮಕ್ಕಳೇನೂ ನಗಲಿಲ್ಲ, ಪ್ರಶ್ನೆಗಳು ಹೆಚ್ಚಾದವು.

ಪಾಠ ಹೇಳುವವರಲ್ಲಿ ನನ್ನದೊಂದು ಬಿನ್ನಹ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ, ಓದಿಕೊಂಡು ನಾಳೆ ಹೇಳಿ. ಕೊಲೆಯನ್ನು ವಿಧಿಯ ಲೆಕ್ಕಕ್ಕೆ ಬರೆದರೆ ಕೊಂದವರೂ ಪಾರು, ಕಾಯದವರೂ ಪಾರು.