ಉಂಗುರದ ಲೆಕ್ಕ

ಪಂದ್ಯ ಮುಗಿದಮೇಲೆ ಸೋಲಿನ ಕಾರಣವನ್ನು ಹೇಳಲಾರದ ಅಭಿಮಾನಿಯನ್ನು ಯಾರೂ ಕಂಡಿರಲಾರರು. ಅಂಕಣದಲ್ಲಿ ಬೆವರು ಸುರಿಸುತ್ತಿದ್ದವನಿಗೆ ತೋಚದ ಉಪಾಯವು ಇವನಿಗೆ ಮಾರನೆಯ ಬೆಳಗ್ಗೆ ಕಾಫಿಯ ಹೊತ್ತಿಗೆ ಕರತಲಾಮಲಕವಾಗಿರುತ್ತದೆ. ಇದನ್ನು ದೋಷವೆನ್ನಬೇಕಾದುದಿಲ್ಲ, ಅಭಿಪ್ರಾಯ ಹೇಳುವ ಸುಖವೂ ಇಲ್ಲದಿದ್ದರೆ ಹಣ ತೆತ್ತು ಆಟ ನೋಡುವವರು ಎಷ್ಟು ಮಂದಿ ಉಳಿದಾರು? ಆದರೆ ಅಮೆರಿಕಾ ದೇಶದ ಬ್ಯಾಸ್ಕೆಟ್‌ಬಾಲ್ ಅಭಿಮಾನಿಗಳಲ್ಲಿ ಬಹುಕಾಲದಿಂದ ಬೇರೂರಿರುವ ಒಂದು ಅಭಿಪ್ರಾಯವು ವಿಚಾರಣೆಗೆ ತಕ್ಕುದಾಗಿದೆ. ಅಲ್ಲಿ ಪ್ರಶಸ್ತಿ ಗೆದ್ದ ತಂಡದ ಆಟಗಾರರಿಗೆ ಒಂದೊಂದು ಉಂಗುರವನ್ನು ಕೊಡುವ ಪದ್ಧತಿಯುಂಟು. ಆಟಗಾರನ ಯೋಗ್ಯತೆಯನ್ನು ತಿಳಿಯಬೇಕಾದರೆ ಅವನ ಉಂಗುರಗಳನ್ನು ಎಣಿಸಿದರೆ ಸಾಕು ಎಂಬುದೇ ಆ ಅಭಿಪ್ರಾಯ.

ವೃತ್ತಿಪರ ತಂಡಗಳ ಸಂಘವಾದ ಎನ್.ಬಿ.ಎ.ಯಲ್ಲಿ ಪ್ರತಿಯೊಂದು ತಂಡವೂ ವರ್ಷಕ್ಕೆ 82 ಪಂದ್ಯಗಳನ್ನಾಡಿದ ಬಳಿಕ, ಮೇಲಿನ ಸ್ಥಾನಗಳಲ್ಲಿರುವ ತಂಡಗಳು ಎರಡೆರಡಾಗಿ ಸೆಣಸುವುದಕ್ಕೆ ಪ್ಲೇಆಫ್ ಎಂದು ಹೆಸರು. ಕಡೆಯ ಸುತ್ತಿನಲ್ಲಿ ಹೆಚ್ಚೆಂದರೆ ಏಳು ಪಂದ್ಯಗಳು. ಮೊದಲು ನಾಲ್ಕನ್ನು ಗೆದ್ದವರಿಗೆ ಪ್ರಶಸ್ತಿ. ಒಂದೇ ಪಂದ್ಯವಾದರೆ ದೈವವು ಯಾರಿಗೆ ಒಲಿದೀತೋ ಹೇಳಲಾಗದು, ಏಳರಲ್ಲಾದರೆ ಪುರುಷಪ್ರಯತ್ನವೇ ಮೇಲಾದೀತು ಎಂಬುದು ಈ ಏರ್ಪಾಟಿನ ಮರ್ಮ. ಆದರೆ ಆರು ಪಂದ್ಯಗಳು ಮುಗಿದು ಇಬ್ಬರೂ ಸಮಸಮವಾಗಿ ನಿಂತರೆ, ಬೇಡವೆಂದು ಬಿಟ್ಟ ಒಂದೇ ಪಂದ್ಯವು ಹಿಂಬಾಗಿಲಿನಿಂದ ಮತ್ತೆ ಬಂದಂತಾಯಿತು.

ಉಂಗುರ ಎಣಿಸುವ ಪಕ್ಷಕ್ಕೆ ಬಾಸ್ಟನ್ ಸೆಲ್ಟಿಕ್ಸ್ ತಂಡದ ಬಿಲ್ ರಸೆಲ್ಲನು ಪರಮಪ್ರಮಾಣ. 1957ರಿಂದ 1969ರವರೆಗಿನ ಹದಿಮೂರು ವರ್ಷಗಳಲ್ಲಿ ಆ ತಂಡವು 11 ಬಾರಿ ಗೆದ್ದಿತು. ಅವುಗಳಲ್ಲಿ 1959ರಿಂದ 1966ರವರೆಗಿನ ಎಂಟು ಗೆಲವುಗಳು ಒಂದರ ಬೆನ್ನಿಗೆ ಒಂದು. ಹತ್ತು ಬೆರಳುಗಳಿಗೆ ಹನ್ನೊಂದು ಉಂಗುರ! ಬುಟ್ಟಿಗೆ ಚೆಂಡನ್ನು ಹಾಕುವುದಕ್ಕಿಂತ ಎದುರಾಳಿಯು ಹಾಕದಂತೆ ತಡೆಯುವುದೇ ಅವನ ವಿದ್ಯೆ. 1966ರಿಂದ ತಾನೂ ಆಡುತ್ತ ತಂಡದ ತರಬೇತುದಾರನೂ ಆಗಿದ್ದನು. ಆಫ್ರಿಕನ್ ಮೂಲದವನೊಬ್ಬನು ಆ ಸಂಘದಲ್ಲಿ ಅಂಥ ಪದವಿಗೆ ಬಂದದ್ದು ಅದೇ ಮೊದಲು. ಅವನ ಹಿರಿಮೆಯಲ್ಲಿ ಯಾರಿಗೂ ಸಂದೇಹವಿಲ್ಲ. ಅವನೆದುರು ನಿಂತು ಸೋತವರ ವಿಷಯದಲ್ಲಿ ಈ ಎಣಿಕೆಯು ಏನು ಹೇಳುತ್ತದೆಂಬುದೇ ಪ್ರಶ್ನೆ.

ಹಾಗೆ ಸೋತವರಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ತಂಡದ ಜೆರಿ ವೆಸ್ಟನು ಅಗ್ರಗಣ್ಯ. 1962, 1963, 1965, 1966, 1968: ಐದು ಸಲ ಅವನ ತಂಡವು ಕಡೆಯ ಸುತ್ತಿನಲ್ಲಿ ಬಾಸ್ಟನ್ನಿಗೇ ಸೋತಿತ್ತು. ಆರನೆಯ ಸಲ, 1969ರಲ್ಲಿ, ಲೇಕರ್ಸ್ ಅಭಿಮಾನಿಗೆ ಗೆಲವು ಕೈಗೇ ಬಂದಂತೆ ತೋರಿತು. ವೆಸ್ಟನ ಜೊತೆಗೆ ಎಲ್ಜಿನ್ ಬೇಲರನಿದ್ದನು. ಸಾಲದೆಂಬಂತೆ 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕಗಳನ್ನು ಗಳಿಸಿದ ಭೀಮಕಾಯನಾದ ವಿಲ್ಟ್ ಚೇಂಬರ್ಲಿನ್ನನೂ ಬಂದು ಸೇರಿದ್ದನು. ಬಾಸ್ಟನ್ನಿನವರೋ ತಮ್ಮ ವಿಭಾಗದಲ್ಲಿ ನಾಲ್ಕನೆಯವರಾಗಿ ಹೇಗೋ ಒಳನುಗ್ಗಿದ್ದರು. ಮೂವರು ಮಹಾರಥರು ಒಂದೇ ಪಾಳೆಯದಲ್ಲಿದ್ದರೆ ಗೆಲವು ನಿಶ್ಚಯವೆಂದು ನಂಬುವ ಮೊದಲು ಕೌರವರ ಕಥೆಯನ್ನು ಒಮ್ಮೆ ನೆನೆಯಬಹುದಾಗಿತ್ತು. ಆದರೆ ಲಾಸ್ ಏಂಜಲೀಸಿನಲ್ಲಿ ಅದನ್ನು ಹೇಳುವವರಾರು?

ಆ ವರ್ಷ ಏಳನೆಯ ಪಂದ್ಯವೂ ಬೇಕಾಯಿತು. ಮೇ 5ರಂದು ಲೇಕರ್ಸ್ ತಂಡದ ಸ್ವಂತ ಅಂಗಳದಲ್ಲಿ ಅದು ನಡೆಯಿತು. ತಂಡದ ಒಡೆಯನಾದ ಜ್ಯಾಕ್ ಕೆಂಟ್ ಕುಕ್ಕನು ವಿಜಯದ ಕ್ಷಣದಲ್ಲಿ ಕೆಳಕ್ಕೆ ಬಿಡಬೇಕೆಂದು ಸಾವಿರಾರು ಬಲೂನುಗಳನ್ನು ಮಾಡಿನಲ್ಲಿ ಬಲೆಕಟ್ಟಿ ತೂಗಿಸಿದ್ದನು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರು ಎಲ್ಲ ದೇಶಗಳಲ್ಲಿಯೂ ಉಂಟು. ನೆತ್ತಿಯ ಮೇಲೆ ತೂಗುತ್ತಿದ್ದ ಆ ಬಲೂನುಗಳನ್ನು ನೋಡಿ ಬಾಸ್ಟನ್ನಿನವರಿಗೆ ರೋಷವೇರಿದುದು ಸಹಜ.

ಕಡೆಯ ಭಾಗದಲ್ಲಿ ಬಾಸ್ಟನ್ ಬಹಳ ಮುಂದಿತ್ತು. ಐದಾರು ನಿಮಿಷಗಳು ಉಳಿದಿರುವಾಗ ಚೇಂಬರ್ಲಿನ್ನನು ಮೊಳಕಾಲಿಗೆ ಪೆಟ್ಟಾಗಿ ಹೊರಗೆ ಬಂದನು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಆಡುವೆನೆಂದರೂ ತರಬೇತುದಾರನಾದ ವಾನ್ ಬ್ರೆಡಾ ಕಾಲ್ಫನು ಕಳಿಸಲಿಲ್ಲ. ಇತ್ತ ಲೇಕರ್ಸ್ ಅಂಕಕ್ಕೆ ಅಂಕ ಕೂಡಿಸುತ್ತ ಬಂದು ಅಂತರವನ್ನು ಒಂದಕ್ಕೆ ಇಳಿಸಿತು. ಆಗ ಲೇಕರ್ಸ್ ಆಟಗಾರನೊಬ್ಬನು ಹಿಂದಿನಿಂದ ಕೈಚಾಚಿ ಬಾಸ್ಟನ್ನಿನ ಹ್ಯಾವ್ಲಿಚೆಕ್ಕನ ಕೈಯಿಂದ ಚೆಂಡನ್ನು ಬಿಡಿಸಿದನು. ಬಿಡಿಸಿದ ಚೆಂಡು ನೇರವಾಗಿ ಬಾಸ್ಟನ್ನಿನವನೇ ಆದ ಡಾನ್ ನೆಲ್ಸನ್ನನ ಕೈಗೆ ಹೋಯಿತು. ಅವನು ಎಸೆದುದು ಬುಟ್ಟಿಯ ಬಳೆಯ ಹಿಂಬದಿಗೆ ಬಡಿದು, ನೆಟ್ಟಗೆ ಮೇಲಕ್ಕೆ ಚಿಮ್ಮಿ, ತಿರುಗಿ ಬುಟ್ಟಿಯೊಳಕ್ಕೇ ಬಿದ್ದಿತು. ಕಾಗೆ ಬಂದು ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋಯಿತೆಂದು ಶಾಸ್ತ್ರಕಾರರು ಹೇಳುವ ಕಾಕತಾಲೀಯ ನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು. ಬಾಸ್ಟನ್ 108, ಲೇಕರ್ಸ್ 106. ಬಲೂನುಗಳು ಮಾಡಿನಲ್ಲಿಯೇ ಉಳಿದವು.

ಅಂದಿನಿಂದ ತೀರ್ಪುಗಳಿಗೆ ಕೊನೆಯಿಲ್ಲ. ಚೇಂಬರ್ಲಿನ್ನನಿಗೆ ಎದೆಗಾರಿಕೆ ಸಾಲದೆಂದವರು ಕೆಲವರು. ರಸೆಲ್ಲನೇ ಆಮೇಲೆ ಆ ಅರ್ಥದ ಮಾತನಾಡಿದ್ದರಿಂದ ಊಟಕ್ಕೆ ಒಬ್ಬರ ಮನೆಗೆ ಒಬ್ಬರು ಹೋಗುತ್ತಿದ್ದ ಆ ಇಬ್ಬರು ಸ್ನೇಹಿತರು ಬಹುಕಾಲ ಮಾತು ಬಿಟ್ಟಿದ್ದರು. ತಪ್ಪೆಲ್ಲ ತರಬೇತುದಾರನ ಮೊಂಡುತನದ್ದೆಂದವರು ಹಲವರು; ಚೇಂಬರ್ಲಿನ್ನನು ಹೊರಗಿದ್ದಾಗಲೇ ಅಂತರವು ಒಂದಕ್ಕೆ ಇಳಿಯಿತೆಂಬುದನ್ನು ಇವರು ನೆನೆಯುವುದಿಲ್ಲ. ದೈವವನ್ನು ದೂರುವ ಲೇಕರ್ಸ್ ಅಭಿಮಾನಿಯೂ ನಿರ್ದೋಷಿಯಲ್ಲ. ಎದುರಾಳಿಯ ತಪ್ಪಿಗೆ ದಂಡವಾಗಿ, ಯಾರೂ ಅಡ್ಡಬರದಂತೆ ನಿಂತು ಎಸೆಯಲು ದೊರೆಯುವ ಫ್ರೀ ಥ್ರೋಗಳು ಆ ದಿನ ಅವನ ತಂಡಕ್ಕೆ 47 ಸಿಕ್ಕಿದ್ದವು. ಬುಟ್ಟಿಗೆ ಬಿದ್ದವು 28. ಎರಡು ಅಂಕಗಳಿಂದ ಸೋತವರು ಹತ್ತೊಂಬತ್ತನ್ನು ಕೈಯಾರೆ ಚೆಲ್ಲಿದ್ದರು. ನೆಲ್ಸನ್ನನ ಒಂದು ಎಸೆತವನ್ನು ಇಷ್ಟು ವರ್ಷ ಶಪಿಸಿದವರು ಈ ಹತ್ತೊಂಬತ್ತರ ಮಾತನ್ನು ಎತ್ತುವುದು ಅಪರೂಪ.

ದೊಡ್ಡ ಪಂದ್ಯವನ್ನು ಗೆಲ್ಲಿಸಲಾರದವನೆಂಬ ಹೆಸರು ಮಾತ್ರ ವೆಸ್ಟನ ತಲೆಗೆ ಕಟ್ಟಿತು. ತೊಡೆಯ ಸ್ನಾಯು ಉಳುಕಿ, ಪಟ್ಟಿ ಬಿಗಿದುಕೊಂಡು ಬಂದ ಅವನು ಅಂದು 42 ಅಂಕಗಳನ್ನು ಗಳಿಸಿದನು. ಗುರಿತಪ್ಪಿ ಹಿಂದಿರುಗಿದ ಚೆಂಡನ್ನು 13 ಸಲ ಹಿಡಿದನು. 12 ಸಲ ಚೆಂಡನ್ನು ಒದಗಿಸಿ ಜೊತೆಗಾರರಿಂದ ಬುಟ್ಟಿಗೆ ಹಾಕಿಸಿದನು. ಇಷ್ಟನ್ನು ಮಾಡಿದವನು ಇನ್ನೇನು ಮಾಡಬೇಕಾಗಿತ್ತೆಂದು ಉಂಗುರದ ಪಕ್ಷದವರನ್ನು ಕೇಳಿದರೆ, ಗೆಲ್ಲಬೇಕಾಗಿತ್ತು ಎನ್ನುತ್ತಾರೆ. ಕಡೆಯ ಸುತ್ತಿನ ಶ್ರೇಷ್ಠ ಆಟಗಾರನೆಂಬ ಬಹುಮಾನವನ್ನು ಅದೇ ವರ್ಷ ಹೊಸದಾಗಿ ಏರ್ಪಡಿಸಿದ್ದರು. ಅದು ವೆಸ್ಟನಿಗೇ ಸಂದಿತು. ಸೋತ ತಂಡದವನಿಗೆ ಅದು ಸಂದದ್ದು ಅದೊಂದೇ ಸಲ. ಆಟ ಮುಗಿದಮೇಲೆ ರಸೆಲ್ಲನು ಬಂದು ವೆಸ್ಟನ ಕೈ ಹಿಡಿದುಕೊಂಡು ಮಾತಿಲ್ಲದೆ ನಿಂತಿದ್ದನೆಂದು ಹೇಳುತ್ತಾರೆ. ಹನ್ನೊಂದು ಉಂಗುರಗಳ ಒಡೆಯನು ಆ ಹೊತ್ತಿನಲ್ಲಿ ಉಂಗುರವನ್ನು ಎಣಿಸುತ್ತಿರಲಿಲ್ಲವೆಂದು ತೋರುತ್ತದೆ.

1972ರಲ್ಲಿ ಲೇಕರ್ಸ್ ಕಡೆಗೂ ನ್ಯೂಯಾರ್ಕ್ ತಂಡವನ್ನು ಸೋಲಿಸಿ ಗೆದ್ದಿತು. ಆ ಸುತ್ತಿನಲ್ಲಿ ವೆಸ್ಟನ ಕೈ ಪೂರಾ ಕೆಟ್ಟಿತ್ತು. ಹತ್ತು ಎಸೆತಗಳಲ್ಲಿ ಮೂರು ಬುಟ್ಟಿಗೆ ಬಿದ್ದರೆ ಹೆಚ್ಚು. ಎದೆಗಾರಿಕೆಯಿಲ್ಲದವನೆನಿಸಿಕೊಂಡಿದ್ದ ಚೇಂಬರ್ಲಿನ್ನನು ಕೈಗೆ ಪೆಟ್ಟಾಗಿದ್ದರೂ ಕೊನೆಯ ಪಂದ್ಯದಲ್ಲಿ ನಿಂತು ಆಡಿ ಶ್ರೇಷ್ಠನೆನಿಸಿದನು. ಹೀಗಾಗಿ ಉಂಗುರದ ಲೆಕ್ಕದಲ್ಲಿ ವೆಸ್ಟನಿಗೆ 1969ಕ್ಕೆ ಸೊನ್ನೆ, 1972ಕ್ಕೆ ಒಂದು.

ಬೇಲರನ ಸಂಗತಿಯು ಇನ್ನೂ ವಿಚಿತ್ರ. ಕಡೆಯ ಸುತ್ತಿನಲ್ಲಿ ಎಂಟು ಸಲ ಸೋತ ತಂಡದಲ್ಲಿದ್ದ ಅವನು, ಮೊಳಕಾಲುಗಳು ನಡೆಯದಾಗಿ, 1971ರ ನವೆಂಬರಿನಲ್ಲಿ ಆಟದಿಂದ ನಿವೃತ್ತನಾದನು. ಅವನು ಬಿಟ್ಟ ಮರುಪಂದ್ಯದಿಂದಲೇ ಲೇಕರ್ಸ್ ಸಾಲಾಗಿ 33 ಪಂದ್ಯಗಳನ್ನು ಗೆದ್ದಿತು. ಆ ವರ್ಷದ ಪ್ರಶಸ್ತಿಯೂ ಅದರದೇ ಆಯಿತು. ತಂಡದವರು ಮರೆಯದೆ ಬೇಲರನಿಗೂ ಒಂದು ಉಂಗುರವನ್ನು ಕೊಟ್ಟರು. ಅದನ್ನು ಎಣಿಕೆಗೆ ಸೇರಿಸತಕ್ಕದ್ದೋ ಬಿಡತಕ್ಕದ್ದೋ ಅಭಿಮಾನಿಯೇ ಹೇಳಬೇಕು.