ಹೊರಗಿನ ಚೀಟಿ, ಒಳಗಿನ ಉತ್ತರ



ಮನುಷ್ಯನ ಬಾಳಿನಲ್ಲಿ ಕೆಲವು ಪ್ರಶ್ನೆಗಳು ಬರುತ್ತವೆ. ಅವನ್ನು ಮನೆಯವರ ಮುಂದಿಡಲು ಸಂಕೋಚ. ವಕೀಲರಲ್ಲಿಗೋ ವೈದ್ಯರಲ್ಲಿಗೋ ಒಯ್ದರೆ ಅವರ ಶಾಸ್ತ್ರದೊಳಗೆ ಅವು ಹಿಡಿಸವು. ಅಂಥ ಪ್ರಶ್ನೆಯನ್ನು ಹೊತ್ತವನು ಹೊರಗಿನಿಂದ ಒಂದು ಮಾತು ಬಂದೀತೇ ಎಂದು ಕಿವಿಗೊಟ್ಟು ನಿಲ್ಲುವುದು ಸಹಜ. ನಮ್ಮ ಬ್ಯಾಡಗಿ ಸೀಮೆಯವರು ಇದಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ. ರಾಣೇಬೆನ್ನೂರು ತಾಲೂಕಿನಲ್ಲಿ ದೇವರಗುಡ್ಡವಿದೆ. ತುಂಗಭದ್ರೆಯ ಆಚೆಗೆ, ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಹೂವಿನಹಡಗಲಿ ತಾಲೂಕಿನಲ್ಲಿ ಮೈಲಾರವಿದೆ. ಮಹಾನವಮಿಯ ಹೊತ್ತಿಗೆ ದೇವರಗುಡ್ಡದಲ್ಲಿ, ಭಾರತ ಹುಣ್ಣಿಮೆಯ ತರುವಾಯ ಮೈಲಾರದ ಡೆಂಕನಮರಡಿಯಲ್ಲಿ ಕಾರಣಿಕವಾಗುತ್ತದೆ. ಉಪವಾಸವ್ರತದಲ್ಲಿದ್ದ ಗೊರವಯ್ಯನು ನೆಟ್ಟಗೆ ನಿಲ್ಲಿಸಿದ ಬಿಲ್ಲನ್ನೇರಿ, ಆಕಾಶವನ್ನು ದಿಟ್ಟಿಸಿ, 'ಸದ್ದಲೇ' ಎಂದು ಕೂಗುತ್ತಾನೆ. ಅಷ್ಟು ಜನಸಾಗರದ ಗದ್ದಲ ಒಮ್ಮೆಗೇ ಅಡಗುತ್ತದೆ. ಆಗ ಒಂದೇ ಒಂದು ವಾಕ್ಯ. ನುಡಿದವನೇ ಮೇಲಿನಿಂದ ಬೀಳುತ್ತಾನೆ, ಕೆಳಗಿನವರು ಹಿಡಿದುಕೊಳ್ಳುತ್ತಾರೆ.

ಆ ವಾಕ್ಯದಲ್ಲಿರುವುದು ಬೆರಳೆಣಿಕೆಯ ಶಬ್ದಗಳು. ಆದರೆ ಜಾತ್ರೆಯಿಂದ ಮರಳುವ ಬಸ್ಸಿನಲ್ಲಿ ಕುಳಿತು ಕೇಳಿ ನೋಡಿರಿ. ರೈತನಿಗೆ ಅದರಲ್ಲಿ ಮಳೆ ಕೇಳಿಸಿರುತ್ತದೆ, ವ್ಯಾಪಾರಿಗೆ ದರ ಕೇಳಿಸಿರುತ್ತದೆ, ರಾಜಕೀಯದವರಿಗೆ ಕುರ್ಚಿಯ ಹೊರತು ಬೇರೇನೂ ಕೇಳಿಸಿರುವುದಿಲ್ಲ. ನುಡಿ ಒಂದೇ, ಅರ್ಥವನ್ನು ಪ್ರತಿಯೊಬ್ಬನೂ ತನ್ನ ಮನೆಯಿಂದಲೇ ಕಟ್ಟಿಕೊಂಡು ಬಂದಿರುತ್ತಾನೆ. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಹಾಗೆ ಕಟ್ಟಿಕೊಂಡು ಬಂದ ಬುತ್ತಿಯಲ್ಲಿ ಏನಿದೆಯೆಂದು ಆ ಕ್ಷಣದವರೆಗೆ ಅವನಿಗೇ ತಿಳಿದಿರುವುದಿಲ್ಲ ಎಂಬುದೇ ಇಲ್ಲಿ ವಿಚಾರಾರ್ಹವಾದ ಸಂಗತಿ.

ಈ ಮಾತಿಗೆ ಈಗ ಕಾರಣವೊಂದುಂಟು. ಬೆಂಗಳೂರಿನಲ್ಲಿ ನೌಕರಿ ಮಾಡುವ ನನ್ನ ತಮ್ಮನ ಮಗಳು ದೀಪಾವಳಿಗೆ ಬಂದಾಗ ಒಂದು ಎಲೆಗಳ ಕಟ್ಟು ತಂದಿದ್ದಳು. ಅದಕ್ಕೆ ಒರಾಕಲ್ ಕಾರ್ಡುಗಳೆಂದು ಹೆಸರಂತೆ. ಒಂದೊಂದು ಎಲೆಯ ಮೇಲೂ ಒಂದು ಚಿತ್ರ. ಅದರಡಿಯಲ್ಲಿ 'ತಾಳು', 'ಹೊರಡು', 'ಕ್ಷಮಿಸು' ಎಂಬಂಥ ಒಂದು ಮಾತು. ಮನಸ್ಸಿನಲ್ಲಿ ಪ್ರಶ್ನೆಯನ್ನಿಟ್ಟು ಎಲೆಯೊಂದನ್ನು ಎತ್ತಬೇಕು. ಹಾಗೆ ಎತ್ತಿದರೆ ಅಂತರ್ಬೋಧೆಯೊಡನೆ ಸಂಪರ್ಕ ಉಂಟಾಗುವುದೆಂದು ಅವಳ ನಂಬಿಕೆ. ನನಗೆ ಒಡನೆಯೇ ನೆನಪಾದದ್ದು ಸಂತೆಯ ಗಿಳಿಶಾಸ್ತ್ರ. ಪಂಜರದಿಂದ ಹೊರಬಂದ ಗಿಳಿ ಕೊಕ್ಕಿನಿಂದ ಚೀಟಿಯೊಂದನ್ನು ಎಳೆಯುತ್ತಿತ್ತು. ಶಾಸ್ತ್ರದವನು ಅದನ್ನು ಬಿಚ್ಚಿ ಓದುತ್ತಿದ್ದನು. ಗಿಳಿಯನ್ನು ಪಂಜರದಲ್ಲಿಡುವುದಕ್ಕೆ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಒಪ್ಪದಾದ್ದರಿಂದ ಆ ದೃಶ್ಯ ಇಂದು ಅಪರೂಪ. ಗಿಳಿ ಹಾರಿಹೋಯಿತು, ಚೀಟಿ ಮಾತ್ರ ಬಣ್ಣದ ಪೆಟ್ಟಿಗೆಯಲ್ಲಿ ಮರಳಿ ಬಂದಿತು!

ಇವುಗಳ ಹಿರಿಯಕ್ಕನೆನ್ನಬಹುದಾದ ಟ್ಯಾರೋ ಎಲೆಗಳ ಕಥೆಯೂ ಸ್ವಾರಸ್ಯವಾದುದೇ. 15ನೆಯ ಶತಮಾನದ ಉತ್ತರ ಇಟಲಿಯಲ್ಲಿ ಅವು ನಮ್ಮ ಇಸ್ಪೀಟಿನಂತೆ ಬರಿಯ ಆಟದ ಎಲೆಗಳು. ಭವಿಷ್ಯ ನುಡಿಯುವ ಗೌರವ ಅವಕ್ಕೆ ದೊರೆತದ್ದು 18ನೆಯ ಶತಮಾನದ ಫ್ರಾನ್ಸಿನಲ್ಲಿ. ಇಂದು ಜಗತ್ತೆಲ್ಲ ಬಲ್ಲ 78 ಎಲೆಗಳ ಚಿತ್ರಗಳನ್ನು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ ಬರೆದು, ಅವು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಒರಾಕಲ್ ಕಾರ್ಡುಗಳಿಗೆ ಆ ಲೆಕ್ಕವೂ ಇಲ್ಲ, ಕಟ್ಟಳೆಯೂ ಇಲ್ಲ.

ಚೀಟಿಯ ಮಾತು ನಮಗೇ ಹೇಳಿದಂತೆ ತೋರುವುದೇಕೆ? 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಂ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಅವರವರ ಸ್ವಭಾವಚಿತ್ರವೆಂದು ಹೇಳಿ ಒಂದೊಂದು ಬರಹವನ್ನು ಕೊಟ್ಟನು. ಅದು ಎಷ್ಟು ನಿಜವೆಂದು 5ಕ್ಕೆ ಅಂಕ ಹಾಕಿರೆಂದಾಗ ಸರಾಸರಿ 4.26 ಬಂದಿತು. ಅನಂತರ ನೋಡಿದರೆ ಎಲ್ಲರ ಕೈಯಲ್ಲಿದ್ದುದೂ ಒಂದೇ ಬರಹ! ಅದರ ಬಹುಪಾಲು ವಾಕ್ಯಗಳನ್ನು ಅವನು ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕವೊಂದರಿಂದ ಆಯ್ದುಕೊಂಡಿದ್ದನು. ಆದುದರಿಂದ ಚೀಟಿಯು ತನ್ನನ್ನು ಬಲ್ಲದೆಂದು ಯಾರೂ ಬೆರಗಾಗಬೇಕಾಗಿಲ್ಲ.

ಹಾಗಾದರೆ ಇದೆಲ್ಲ ವ್ಯರ್ಥವೇ? ಅವಸರದಿಂದ ತೀರ್ಪು ಕೊಡುವ ಮೊದಲು ನನ್ನ ಚಿಗವ್ವನ ಸಂಗತಿಯನ್ನು ತಾವು ಕೇಳಬೇಕು. ಚಿಕ್ಕಪ್ಪ ತೀರಿಕೊಂಡ ಮೇಲೆ ಆಕೆಯ ಹೆಸರಿನಲ್ಲಿ ಉಳಿದದ್ದು ನಾಲ್ಕು ಎಕರೆ ಎರೆಹೊಲ. ಒಬ್ಬನೇ ಮಗ. ಹೊಲ ಮಾರಿ ಹುಬ್ಬಳ್ಳಿಯಲ್ಲಿ ಅಂಗಡಿ ಹಾಕುವೆನೆಂದು ಅವನ ಹಟ. ಬಂಧುಗಳು ಎರಡು ಪಂಗಡವಾದರು. ಮಾತಿನಿಂದ ಬೇಸತ್ತ ಚಿಗವ್ವ ಕೊನೆಗೆ ವೀರಭದ್ರನ ಗುಡಿಗೆ ಹೋಗಿ ಹೂವಿನ ಪ್ರಸಾದ ಕೇಳಿದಳು. ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಇಲ್ಲ. ಜೊತೆಗೆ ಹೋದವರಲ್ಲಿ ನಾನೂ ಒಬ್ಬ. ಬಹಳ ಹೊತ್ತು ಹೂವು ಅಲುಗಲೇ ಇಲ್ಲ. ಆಮೇಲೆ ಬಿದ್ದಿತು, ಬಲಕ್ಕೆ.

ಮಗನ ಮುಖ ಅರಳಿತು. ಚಿಗವ್ವ ಮಾತ್ರ ಗುಡಿಯ ಕಂಬಕ್ಕೆ ಒರಗಿ ಕುಳಿತುಬಿಟ್ಟಳು. ಕಣ್ಣಲ್ಲಿ ನೀರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ನೋಡಿ, "ದೇವರು ಹೂಂ ಅಂದಾನ, ನನ್ನ ಜೀವ ಒಲ್ಲೆ ಅಂತೈತಿ. ಏನ ಮಾಡ್ಲೆಪಾ?" ಎಂದಳು.

ಎರಡು ತಿಂಗಳಿನಿಂದ ನಾವೆಲ್ಲ ಕೇಳುತ್ತಿದ್ದಾಗ "ನನಗೇನೂ ತಿಳಿಯದು" ಎನ್ನುತ್ತಿದ್ದವಳು ಆಕೆ. ಅದು ಸುಳ್ಳಾಗಿರಲಿಲ್ಲ, ನಿಜವಾಗಿಯೂ ತಿಳಿದಿರಲಿಲ್ಲ. ಹೂವು ಬಿದ್ದ ಮೇಲೆ ತಿಳಿಯಿತು. ಹೊಲ ಮಾರಲಿಲ್ಲ. ಮಗ ಸಾಲ ಮಾಡಿ ಅಂಗಡಿ ಹಾಕಿದನು. ಮೂರು ವರ್ಷ ಊರಿನ ಕಡೆ ಸುಳಿಯಲಿಲ್ಲ. ಈಗ ವರ್ಷಕ್ಕೊಮ್ಮೆ ಬರುತ್ತಾನೆ, ಹೊಲದ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಆಕೆ ಮಾಡಿದ್ದು ಸರಿಯೋ ತಪ್ಪೋ ಎಂದು ನಿರ್ಣಯಿಸಲು ನಾನು ಯಾರು? ಆ ಹೊತ್ತಿನಲ್ಲಿ ಆಕೆಗೆ ತನ್ನ ಮನಸ್ಸು ಕಾಣಿಸಿತು ಎಂಬುದಕ್ಕೆ ಮಾತ್ರ ನಾನು ಸಾಕ್ಷಿ.

ಆದಕಾರಣ ಓದುಗರಲ್ಲಿ ಯಾರಾದರೂ ಚೀಟಿಯನ್ನು ಎತ್ತುವವರಿದ್ದರೆ, ಎಲೆ ಏನು ಹೇಳಿತೆಂಬುದಕ್ಕಿಂತ ಅದನ್ನು ನೋಡಿದ ಮೊದಲ ಕ್ಷಣದಲ್ಲಿ ಎದೆಯಲ್ಲಿ ಏನಾಯಿತೆಂಬುದನ್ನು ಗಮನಿಸಬೇಕೆಂದು ನನ್ನ ವಿನಂತಿ. ಹಗುರವಾಯಿತೇ, ಭಾರವಾಯಿತೇ? ಇನ್ನೊಮ್ಮೆ ಎತ್ತೋಣವೆಂದು ಕೈ ಚಡಪಡಿಸಿತೇ? ಚಡಪಡಿಸಿದರೆ ಉತ್ತರ ಬಂದಾಯಿತು. ಎರಡನೆಯ ಎಲೆ ಬೇಕಾಗಿಲ್ಲ. ಪ್ರಶ್ನೆಯನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದಿಡುವುದು ಒಳ್ಳೆಯದು. ಇಲ್ಲದಿದ್ದರೆ ಉತ್ತರಕ್ಕೆ ತಕ್ಕಂತೆ ಪ್ರಶ್ನೆಯನ್ನೇ ತಿದ್ದಿಕೊಳ್ಳುವ ಚಾತುರ್ಯ ನಮ್ಮೆಲ್ಲರಲ್ಲೂ ಉಂಟು. ಶುಭಲಗ್ನ, ರಾಶಿಕೂಟಗಳನ್ನು ಕೇಳುತ್ತ ಕೂಡಬೇಡಿರೆಂದು 12ನೆಯ ಶತಮಾನದ ಶರಣರು ಹೇಳಿದ್ದನ್ನು ಈ ಪತ್ರಿಕೆಯ ಓದುಗರಿಗೆ ನೆನಪಿಸಬೇಕಾಗಿಲ್ಲ. ಅವರು ಕೇಳುಗನ ಕಣ್ಣನ್ನು ಪಂಚಾಂಗದಿಂದ ಎತ್ತಿ ಅವನ ಅರಿವಿನ ಕಡೆಗೆ ತಿರುಗಿಸಿದರು.

ಇನ್ನು ಒಂದು ಎಚ್ಚರ. ಮಾರಲೇ ಇಟ್ಟುಕೊಳ್ಳಲೇ ಎಂಬ ಪ್ರಶ್ನೆ ಚಿಗವ್ವನ ಹೊಲದ್ದಾದರೆ ಒಂದು ಬಗೆ, ಮೆಣಸಿನಕಾಯಿ ಚೀಲದ್ದಾದರೆ ಬೇರೆಯೇ ಬಗೆ. ಹೊಲದ ವಿಷಯದಲ್ಲಿ ಉತ್ತರ ಆಕೆಯ ಎದೆಯಲ್ಲೇ ಇತ್ತು. ಚೀಲದ ಉತ್ತರ ಯಾರ ಎದೆಯಲ್ಲಿಯೂ ಇರುವುದಿಲ್ಲ. ಎಷ್ಟು ಆವಕವಾಯಿತು, ಶೀತಲಗೃಹಗಳಲ್ಲಿ ಎಷ್ಟು ಉಳಿದಿದೆ, ಹೊರಗಿನವರ ಬೇಡಿಕೆ ಎಷ್ಟು ಎಂಬುದರಲ್ಲಿ ಇರುತ್ತದೆ. 2024ರ ಮಾರ್ಚ್ 11ರಂದು ದರ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಬ್ಯಾಡಗಿ ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಿದ್ದನ್ನು ನಾವೆಲ್ಲ ಬಲ್ಲೆವು. ಆ ದಿನದ ದರವನ್ನು ಯಾವ ಎಲೆ ತಾನೆ ಹೇಳೀತು? ರೋಗದ ವಿಷಯವೂ ಇಷ್ಟೇ. ಎದೆನೋವಿಗೆ ಚೀಟಿ ಎತ್ತಿ ಕೂಡುವುದು ಪ್ರಾಣಕ್ಕೆ ಎರವು.

ಅಂತರ್ಬೋಧೆಯೆಂಬ ಹೆಸರಿಗೆ ನಿಜವಾಗಿ ತಕ್ಕದ್ದನ್ನು ನೋಡಬೇಕೆಂದರೆ ಹಂಗಾಮಿನಲ್ಲಿ ನಮ್ಮ ಮಾರುಕಟ್ಟೆಗೇ ಬನ್ನಿರಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಬಗೆ. ನುರಿತ ಖರೀದಿದಾರನು ರಾಶಿಯಲ್ಲಿ ಕೈಯಿಟ್ಟು, ಒಂದು ಹಿಡಿ ಎತ್ತಿ, ಕಿವಿಯ ಬಳಿ ಅಲ್ಲಾಡಿಸುತ್ತಾನೆ. ಒಳಗಿನ ಬೀಜದ ಸದ್ದಿನಿಂದಲೇ ಕಾಯಿ ಎಷ್ಟು ಒಣಗಿದೆಯೆಂದು ಅವನಿಗೆ ಗೊತ್ತು. ಹೇಗೆ ಗೊತ್ತಾಯಿತೆಂದು ಕೇಳಿದರೆ ಹೇಳಲಾರ. 1978ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಹರ್ಬರ್ಟ್ ಸೈಮನ್, ಇಂಥ ಬೋಧೆಯು ಹಿಂದೆ ಕಂಡದ್ದನ್ನು ಮರಳಿ ಗುರುತು ಹಿಡಿಯುವುದೇ ಹೊರತು ಮತ್ತೇನೂ ಅಲ್ಲವೆಂದು ವಾದಿಸಿದ್ದನು. ತೊಟ್ಟು ಬಿಡಿಸಲು ಕುಳಿತ ಹೆಣ್ಣುಮಕ್ಕಳನ್ನೂ ನೋಡಿರಿ. ಮಾತು ನೆರೆಯವಳ ಜೊತೆ, ಕಣ್ಣು ಎಲ್ಲಿಯೋ, ಬೆರಳು ಮಾತ್ರ ಬಿಳಿಚಿಕೊಂಡ ಕಾಯಿಯನ್ನು ಮುಟ್ಟಿದೊಡನೆ ತಾನಾಗಿಯೇ ಬೇರೆ ಗುಂಪಿಗೆ ಒಗೆಯುತ್ತದೆ.

ತಮ್ಮನ ಮಗಳಿಗೆ ಅದನ್ನು ತೋರಿಸಿಕೊಂಡು ಬಂದೆ. ಬಹಳ ಹೊತ್ತು ಸುಮ್ಮನೆ ನೋಡುತ್ತ ನಿಂತಿದ್ದಳು, ಘಾಟಿಗೆ ಸೀನುತ್ತ.